ಪೀಪಿ ಬಾಯಾರು

ಬಾಯಾರ ಮೇಲ್ತುಟಿಯ ನಟ್ಟನಡುವೆ ಅರ್ಧ ಉಂಗುರದಂಥ ಒಂದು ಗುರುತಿತ್ತು. ಮೊದಲ ಸಲ ನೋಡಿದವರು ಹುಟ್ಟಿನಿಂದ ಬಂದದ್ದು ಅಂದುಕೊಳ್ಳುತ್ತಿದ್ದರು. ಕೆಲವು ಹೆಂಗಸರು ಗಂಡ ಹೊಡೆದದ್ದಿರಬೇಕೆಂದು ಮರುಗುತ್ತಿದ್ದರು. ಬಾಯಾರಿಗೆ ಗಂಡನೇ ಇರಲಿಲ್ಲ. ಅದು ಚಿಕ್ಕಂದಿನಿಂದ ದಿನಾಲೂ ಟ್ರಂಪೆಟ್ಟನ್ನು ತುಟಿಗೆ ಒತ್ತಿ ಒತ್ತಿ ಬಿದ್ದ ಗುರುತು.

ಹೋದ ತಿಂಗಳು ಅವರು ಮಿರಜಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಬನಹಟ್ಟಿಯಲ್ಲಿ ಒಂದು ಸಣ್ಣ ಶೋಕಸಭೆ ನಡೆಯಿತು. ಮಾತಾಡಿದವರೆಲ್ಲ ಬಾಯಾರು ಸೌಮ್ಯ ಸ್ವಭಾವದವರು, ತಾಯಿಯಂಥವರು, ಯಾರಿಗೂ ಎದುರಾಡಿದವರಲ್ಲ ಎಂದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನನಗೆ ಬೇರೆ ಯಾರದೋ ಸಭೆಗೆ ಬಂದುಬಿಟ್ಟೆನೇನೋ ಅನ್ನಿಸಿತು. ಅವರು ಮಾಡಿಸಿದ ಹೆರಿಗೆಗಳ ಮಾತು ಬಂತು, ಬಿಳಿ ಸೀರೆಯ ಮಾತು ಬಂತು. ಟ್ರಂಪೆಟ್ಟಿನ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಸತ್ತವರನ್ನು ಒಳ್ಳೆಯವರನ್ನಾಗಿ ಮಾಡುವ ಅವಸರದಲ್ಲಿ ಅವರನ್ನು ಎರಡನೆಯ ಸಲ ಹೂಳುತ್ತೇವೆ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಬಾಯಾರು ಸೌಮ್ಯರಾಗಿರಲಿಲ್ಲ. ಎದುರಾಡದೆ ಅವರು ಒಂದು ವಾರ ಕಳೆದದ್ದನ್ನು ನಾನಂತೂ ಕಾಣೆ.

ನಮ್ಮ ಕಡೆ ದವಾಖಾನೆಯ ನರ್ಸಿಗೂ ಶಾಲೆ ಕಲಿಸುವ ಹೆಣ್ಣುಮಗಳಿಗೂ ಬಾಯಾರು ಎನ್ನುವುದು ರೂಢಿ. ಇವರು ದವಾಖಾನೆಯ ಬಾಯಾರು. ತಂದೆ ಗೋವೆಯವರು. ಮುಂಬೈಯ ದೊಡ್ಡ ಹೋಟೆಲುಗಳಲ್ಲಿ, ಸಾಹೇಬರು ಕುಣಿಯುವ ಕಡೆ, ಟ್ರಂಪೆಟ್ ಊದುತ್ತಿದ್ದವರು ಮುಧೋಳ ಸಂಸ್ಥಾನದ ಬ್ಯಾಂಡಿಗೆ ಬಂದು ನೆಲೆಸಿದ್ದರು. ಮಗಳು ಹುಟ್ಟಿದ್ದೂ ಬೆಳೆದದ್ದೂ ಮುಧೋಳದಲ್ಲೇ. ಮನೆಯಲ್ಲಿ ಕೊಂಕಣಿ, ಹೊಸ್ತಿಲು ದಾಟಿದರೆ ನಮ್ಮ ಕನ್ನಡ. ಬ್ಯಾಂಡಿನವರು ಹಗಲು ಪರೇಡಿನ ಧಾಟಿ ನುಡಿಸುತ್ತಿದ್ದರು. ಸಂಜೆ ಮನೆಯಲ್ಲಿ ತಂದೆ ಮುಂಬೈಯಿಂದ ತಂದ ಜಾಝ್ ರೆಕಾರ್ಡುಗಳನ್ನು ಹಚ್ಚಿ ಮಗಳಿಗೆ ಊದಲು ಕಲಿಸಿದರು. ಗಂಡುಮಕ್ಕಳಿಲ್ಲದ್ದಕ್ಕೆ ಮಗಳಿಗೆ ಕಲಿಸಿದರೆಂದು ಜನ ಹೇಳುತ್ತಿದ್ದರು. ಬಾಯಾರಿಗೆ ಆ ಮಾತು ಕೇಳಿದರೆ ಸಿಟ್ಟು ಬರುತ್ತಿತ್ತು. ಗಂಡುಮಕ್ಕಳಿದ್ದರೂ ಟ್ರಂಪೆಟ್ಟು ತಮ್ಮ ಕೈಗೇ ಬರುತ್ತಿತ್ತು ಅನ್ನುತ್ತಿದ್ದರು.

ಸಂಸ್ಥಾನಗಳು ಮುಂಬೈ ಪ್ರಾಂತಕ್ಕೆ ಸೇರಿದ ಮೇಲೆ ಬ್ಯಾಂಡು ಉಳಿಯಲಿಲ್ಲ. ತಂದೆಯೂ ಹೆಚ್ಚು ದಿನ ಉಳಿಯಲಿಲ್ಲ. ಕ್ಲಾರಿನೆಟ್ ಊದುತ್ತಿದ್ದ ಭೀಮಪ್ಪ ಸನಾದಿ ಊದುವ ಮನೆತನದವನು, ಮತ್ತೆ ಮದುವೆಗಳಲ್ಲಿ ಸನಾದಿ ಹಿಡಿದ. ಡ್ರಮ್ ಬಾರಿಸುತ್ತಿದ್ದ ಬೀರಪ್ಪ ತುಬಚಿಯವನು, ಬೀರೇಶ್ವರನ ಡೊಳ್ಳು ಬಾರಿಸಿ ಕೈ ಪಳಗಿದ ಆಳು, ತನ್ನ ಊರಿಗೆ ಹೋಗಿ ಕುರಿ ಕಾಯತೊಡಗಿದ. ಅಷ್ಟರಲ್ಲಿ ಬಾಯಾರಿಗೆ ಬನಹಟ್ಟಿಯ ದವಾಖಾನೆಯಲ್ಲಿ ನೌಕರಿಯಾಗಿತ್ತು. ವಯಸ್ಸಾದ ತಾಯಿಯನ್ನು ಕರೆದುಕೊಂಡು ಬಂದು ದವಾಖಾನೆಯ ಕ್ವಾರ್ಟರ್ಸಿನಲ್ಲಿ ಉಳಿದರು. ತಮ್ಮದೇ ಒಂದು ಮೇಳ ಕಟ್ಟಬೇಕೆಂದು ಒಂದು ರಜೆಯ ದಿನ ಒಬ್ಬರೇ ತುಬಚಿಗೆ ಹೋಗಿ, ಅಡವಿಯಲ್ಲಿ ಕುರಿಯ ನಡುವೆ ನಿಂತಿದ್ದ ಬೀರಪ್ಪನನ್ನು ಹುಡುಕಿದರು. ಅವನು ಕುರಿ ಬಿಟ್ಟು ಹ್ಯಾಗೆ ಬರಲಿ ಅಂದನಂತೆ.

"ಕುರಿ ಕಾಯಾಕ ನಿಮ್ಮ ಮನಿ ತುಂಬ ಮಂದಿ ಅದಾರ. ಆ ಡ್ರಮ್ ಕಾಯಾಕ ಯಾರದಾರ?" ಅಂದರಂತೆ ಬಾಯಾರು.

ಬೀರಪ್ಪ ಮುಂದಿನ ರವಿವಾರ ಬಂದ. ಭೀಮಪ್ಪನನ್ನು ಒಲಿಸಲು ಅಷ್ಟೂ ಬೇಕಾಗಲಿಲ್ಲ.

ನಾನು ಆಗ ಬನಹಟ್ಟಿಯ ಶಾಲೆಯಲ್ಲಿ ಮಾಸ್ತರ. ಜಮಖಂಡಿಯವನು. ಅಜ್ಜ ಸಂಸ್ಥಾನದ ಕಾರಕೂನರಾಗಿದ್ದವರು, ಮನೆಯಲ್ಲಿ ಅರ್ಧ ಮರಾಠಿ ಅರ್ಧ ಕನ್ನಡ. ಸಂಜೆ ಬಾಡಿಗೆ ಕೋಣೆಯಲ್ಲಿ ಹಾರ್ಮೋನಿಯಂ ಮುಂದಿಟ್ಟುಕೊಂಡು ಮರಾಠಿ ನಾಟಕದ ಪದ ನುಡಿಸುತ್ತಿದ್ದೆ. ಒಂದು ದಿನ ಯಾವುದೋ ಹೆರಿಗೆ ಮುಗಿಸಿಕೊಂಡು ಓಣಿಯಲ್ಲಿ ಹೋಗುತ್ತಿದ್ದ ಬಾಯಾರು ಕಿಟಕಿಯ ಹೊರಗೆ ನಿಂತು ಪೂರ್ತಿ ಕೇಳಿದರು. ಪರಿಚಯವಿಲ್ಲ, ಮಾತಿಲ್ಲ.

"ಮಾಸ್ತರ, ಕೈ ಛಲೋ ಐತಿ. ಆದ್ರ ಯಾಕ ಹಿಂಗ ಹೆದರಿ ಹೆದರಿ ಬಾರಸ್ತೀರಿ?"

ನನಗೆ ಅವಮಾನವಾಯಿತು. ಆದರೂ ಅವರು ಕರೆದಲ್ಲಿಗೆ ರವಿವಾರ ಹೋದೆ. ರಬಕವಿಯ ಒಬ್ಬ ಸಣ್ಣ ವ್ಯಾಪಾರಿ, ಬಾಯಾರ ಕೈಯಲ್ಲಿ ಮಗ ಹುಟ್ಟಿದ್ದಕ್ಕೆ, ತನ್ನ ನೂಲಿನ ಗೋದಾಮನ್ನು ರವಿವಾರ ಮಧ್ಯಾಹ್ನ ನಮಗೆ ಬಿಟ್ಟುಕೊಟ್ಟಿದ್ದ. ನೂಲಿನ ದೊಡ್ಡ ಗಂಟುಗಳಾದ ಬೇಲುಗಳ ನಡುವೆ ಬೀರಪ್ಪ ಡ್ರಮ್ ಹೂಡಿಕೊಂಡಿದ್ದ. ಬಾಯಾರು ಒಂದು ಧಾಟಿ ಊದಿ ತೋರಿಸಿದರು. ಮೊದಲು ಎಲ್ಲರೂ ಕೂಡಿ ಅದನ್ನು ನುಡಿಸಬೇಕು, ಆಮೇಲೆ ಒಬ್ಬೊಬ್ಬರಾಗಿ ತಮಗೆ ತೋಚಿದ ಕಡೆ ಹೋಗಬೇಕು, ಉಳಿದವರು ಅವನ ಕೆಳಗೆ ನೆಲದಂತೆ ಹಾಸಿಕೊಂಡಿರಬೇಕು, ಕೊನೆಗೆ ಎಲ್ಲರೂ ಮತ್ತೆ ಮನೆಗೆ, ಅಂದರೆ ಮೊದಲಿನ ಧಾಟಿಗೆ, ಬರಬೇಕು. ನನ್ನ ಸರತಿ ಬಂದಾಗ ನಾನು ಅದೇ ಧಾಟಿಯನ್ನು ಮತ್ತೊಮ್ಮೆ ಅಚ್ಚುಕಟ್ಟಾಗಿ ನುಡಿಸಿದೆ. ಬಾಯಾರು ಟ್ರಂಪೆಟ್ ಕೆಳಗಿಟ್ಟರು. ಹೇಳಿಕೊಟ್ಟದ್ದನ್ನೇ ಹೇಳಿದರೆ ಅದು ಪರೇಡು, ನಿಮ್ಮದೇನಾದರೂ ಇದ್ದರೆ ಹೇಳಿ, ಇಲ್ಲದಿದ್ದರೆ ಇಲ್ಲ ಅನ್ನುವುದನ್ನಾದರೂ ನಿಮ್ಮ ರೀತಿಯಲ್ಲಿ ಹೇಳಿ ಅಂದರು. ಆ ಮಾತು ಅರ್ಥವಾಗಲು ನನಗೆ ಬಹಳ ದಿನ ಹಿಡಿಯಿತು.

ಊರಿನವರ ಕಿವಿಗೆ ಜಾಝ್ ಎಂಬುದು ಜಾಜು ಎಂದು ಬಿತ್ತು. ಜಾಜು ಅಂದರೆ ಗಡಿಗೆಗೆ, ಗೋಡೆಗೆ ಬಳಿಯುವ ಕೆಂಪು ಮಣ್ಣು. ಇದೆಂಥ ಜಾಜಿನ ಹಾಡು ಎಂದು ಯಾರೋ ಕೇಳಿದರೆ ಬಾಯಾರು ತಿದ್ದಲು ಹೋಗಲಿಲ್ಲ. ಹೌದು ಅದೇ, ಒಮ್ಮೆ ಮೈಗೆ ಹತ್ತಿದರೆ ಬೇಗ ಬಿಡುವುದಿಲ್ಲ ಅಂದರು. ಅವರ ಹೆಗಲಿಗೆ ಯಾವಾಗಲೂ ಎರಡು ಚೀಲ. ಒಂದರಲ್ಲಿ ಹೆರಿಗೆಯ ಸಾಮಾನು, ಇನ್ನೊಂದರಲ್ಲಿ ಹಳೆಯ ಬನಹಟ್ಟಿ ಸೀರೆ ಸುತ್ತಿದ ಟ್ರಂಪೆಟ್ಟು. ಯಾವುದರಲ್ಲಿ ಏನಿದೆ ಎಂದು ಹೆಂಗಸರು ಕೇಳಿದರೆ, ಒಂದು ನಾ ಊದೋದು, ಇನ್ನೊಂದು ನಿಮ್ಮ ಮಕ್ಕಳಿಂದ ಊದಿಸೋದು ಅನ್ನುತ್ತಿದ್ದರು. ಹುಟ್ಟಿದ ಕೂಸು ತಡಮಾಡಿ ಅತ್ತರೆ, ಇದು ತಾಳ ತಪ್ಪಿ ಬಂತು ನೋಡು ಎಂದು ತಾಯಿಯನ್ನು ಅಂಥ ಹೊತ್ತಿನಲ್ಲೂ ನಗಿಸುತ್ತಿದ್ದರಂತೆ. ಪೀಪಿ ಬಾಯಾರು ಎಂಬ ಹೆಸರು ಬಿದ್ದದ್ದು ಹಾಗೆ. ಹಿಂದಿನಿಂದ ಅನ್ನುವುದು ಯಾಕೆ, ಎದುರಿಗೇ ಅನ್ನಿರಿ ಎಂದು ಅವರೇ ಹೇಳಿದರು.

ಗೋದಾಮಿಗೆ ಮೊದಮೊದಲು ನಾಲ್ಕೈದು ನೇಕಾರರು ಬರುತ್ತಿದ್ದರು. ಬರಬರುತ್ತ ಬಾಗಿಲಾಚೆಯೂ ಜನ ನಿಲ್ಲತೊಡಗಿದರು. ಆಗ ಮುಂಬೈ ಸರಕಾರದ ದಾರೂಬಂದಿ ಬಲು ಬಿಗಿ. ಇಂಗ್ಲಿಷ್ ವಾದ್ಯ, ಕಿರಿಸ್ತಾನರ ಹೆಣ್ಣುಮಗಳು, ಮುಚ್ಚಿದ ಗೋದಾಮು. ಒಳಗೆ ಕುಡಿತ ನಡೆಯದೆ ಇದ್ದೀತೆ ಎಂದು ಯಾರೋ ಅರ್ಜಿ ಬರೆದರು. ಒಂದು ರವಿವಾರ ಫೌಜದಾರ ಇಬ್ಬರು ಪೊಲೀಸರನ್ನು ಕರೆದುಕೊಂಡು ಒಳಗೆ ಬಂದ. ಭೀಮಪ್ಪನ ಉಸಿರು ಅರ್ಧಕ್ಕೆ ನಿಂತಿತು. ನನ್ನ ಬೆರಳೂ ನಿಂತಿತು. ಬಾಯಾರು ಮಾತ್ರ ಕಣ್ಣು ಮುಚ್ಚಿ ತಮ್ಮ ಸರತಿಯನ್ನು ಮುಗಿಸಿ, ಧಾಟಿಯ ಮನೆಗೆ ಬಂದು, ಟ್ರಂಪೆಟ್ ಇಳಿಸಿದರು. ಆಮೇಲೆ ನಮಸ್ಕಾರ ಅಂದರು.

ಪೊಲೀಸರು ಬೇಲುಗಳ ಸಂದಿಯಲ್ಲೆಲ್ಲ ಹುಡುಕಿದರು. ಬಾಯಾರ ಚೀಲದಲ್ಲಿ ಒಂದು ಸಣ್ಣ ಬಾಟಲಿ ಸಿಕ್ಕಿತು. ಒಬ್ಬ ಬಿರಡೆ ತೆಗೆದು ಮೂಸಿ, ಮತ್ತೊಮ್ಮೆ ಮೂಸಿ, ಹೊಲಿಗೆ ಮಷಿನ್ನಿಗೆ ಹಾಕುವ ಎಣ್ಣೆ ಎಂದ. ಟ್ರಂಪೆಟ್ಟಿನ ಗುಂಡಿಗಳು ಸಲೀಸಾಗಿ ಆಡಲು ಬಾಯಾರು ಅದನ್ನೇ ಬಿಡುತ್ತಿದ್ದರು.

"ಅರ್ಜಿ ಬರದವರಿಗೆ ಹೇಳ್ರಿ ಸಾಹೇಬ್ರ," ಅಂದರು ಬಾಯಾರು. "ಇಲ್ಲಿ ಯಾರೂ ಕುಡದು ಊದೂದಿಲ್ಲ. ಊದಿದ್ದನ್ನ ಕೇಳಿ ಅಮಲೇರಿದ್ರ, ಅದಕ್ಕಿನ್ನೂ ಕಾಯ್ದೆ ಆಗಿಲ್ಲ."

ಫೌಜದಾರ ನಗಲಿಲ್ಲ. ಆದರೆ ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಒಂದು ನೂಲಿನ ಬೇಲಿನ ಮೇಲೆ ಕುಳಿತು ಇನ್ನೊಂದು ಕೇಳಿಕೊಂಡು ಹೋದ. ಗೋದಾಮಿನ ವ್ಯಾಪಾರಿ ಮಾತ್ರ ಹೆದರಿದ. ಪೊಲೀಸರು ಬಂದ ಜಾಗಕ್ಕೆ ಹೆಸರು ಕೆಡುತ್ತದೆ ಎಂದು ಕೈ ಮುಗಿದು ಬಾಗಿಲಿಗೆ ಕೀಲಿ ಹಾಕಿದ.

ಅದೇ ದಿನಗಳಲ್ಲಿ ಊರಿನ ದೊಡ್ಡ ನೂಲಿನ ಸಾವಕಾರರು ನಮ್ಮನ್ನು ಕರೆಸಿದರು. ಓಣಿಯ ಬಹಳ ಮಗ್ಗಗಳಿಗೆ ಅವರದೇ ನೂಲು, ನೇಯ್ದ ಸೀರೆ ಅವರದೇ ಅಂಗಡಿಗೆ. ಮುಂಬೈಯಿಂದ ಅವರ ವ್ಯಾಪಾರದ ಅತಿಥಿಗಳು ಬರುವವರಿದ್ದರು. ತಾವು ಕಟ್ಟಿಸಿದ ಸಭಾಗೃಹದಲ್ಲಿ ನಮ್ಮ ವಾದ್ಯ ಆಗಲಿ, ಚೆನ್ನಾಗಿ ಆದರೆ ಆಮೇಲೂ ಆ ಜಾಗ ನಮಗೇ ಅಂದರು. ಷರತ್ತು ಒಂದೇ. ಗಂಡಸರು ಮುಂದೆ ಕೂಡಬೇಕು, ಬಾಯಾರು ಪರದೆಯ ಹಿಂದೆ ನಿಂತು ಊದಬೇಕು.

ಜಾಗ ಕಳೆದುಕೊಂಡು ಕೂತಿದ್ದ ನಮಗೆ ಅದು ದೊಡ್ಡ ಮಾತೆನಿಸಲಿಲ್ಲ. ಭೀಮಪ್ಪ ನನ್ನ ಮುಖ ನೋಡಿದ, ಬಾಯಾರು ಒಪ್ಪಿಕೊಳ್ಳಲಿ ಎಂಬಂತೆ. ಬಾಯಾರು ಎದ್ದು ನಿಂತರು.

"ಪರದೆ ಹಿಂದ ನಿಂದ್ರಾಕ ನಾ ಏನ್ ಕದ್ದೀನೇನ್ರಿ ಸಾವಕಾರ್ರ?"

ಸಾವಕಾರರು ದನಿ ಏರಿಸದೆ, ಹೆಣ್ಣುಮಕ್ಕಳ ಬಾಯಿಗೆ ಇಂಥದ್ದು ಶೋಭಿಸುವುದಿಲ್ಲ ಎಂದರು.

"ನಿಮ್ಮ ಮೊಮ್ಮಗ ಹುಟ್ಟಿದಾಗ ಗಂಡು ಅಂತ ಒಳಗಿಂದ ಕೂಗಿ ಹೇಳಿದ್ದು ಇದ ಬಾಯಿರಿ. ಆವತ್ತ ಶೋಭಿಸಿತ್ತಲ್ಲ."

ಬಾಯಾರು ಹೊರಗೆ ನಡೆದರು, ನಾವೂ ಹಿಂದೆ ನಡೆದೆವು. ಅವತ್ತಿನ ಮಾತು ಅಲ್ಲಿಗೇ ಮುಗಿಯುವಂಥದ್ದಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಸ್ವಲ್ಪ ದಿನಕ್ಕೆ ದವಾಖಾನೆಯ ಡಾಕ್ಟರು ಬಾಯಾರನ್ನು ಕರೆದರು. ಡಾಕ್ಟರು ಕೆಟ್ಟವರಲ್ಲ, ಪುಕ್ಕಲರು. ಮೇಲಿನಿಂದ ವಿಚಾರಣೆ ಬಂದಿದೆ, ಸಾರ್ವಜನಿಕರ ಎದುರು ವಾದ್ಯ ಊದುವುದಿಲ್ಲ ಎಂದು ಎರಡು ಸಾಲು ಬರೆದುಕೊಡಿ, ಇದು ಇಲ್ಲಿಗೇ ಮುಚ್ಚಿಹೋಗುತ್ತದೆ ಅಂದರು. ಯಾವ ನಿಯಮದಲ್ಲಿ ಹಾಗಿದೆ ಎಂದು ಬಾಯಾರು ಕೇಳಿದರು. ನಿಯಮದ ಪ್ರಶ್ನೆ ಅಲ್ಲ, ಮರ್ಯಾದೆಯ ಪ್ರಶ್ನೆ ಎಂದು ಡಾಕ್ಟರು ಹೇಳಿದರಂತೆ. ಮರ್ಯಾದೆ ನನ್ನದು, ಅದನ್ನು ನಾನೇ ನೋಡಿಕೊಳ್ಳುತ್ತೇನೆ ಎಂದು ಬಾಯಾರು ಬರೆದುಕೊಡದೆ ಬಂದರು. ತಿಂಗಳೊಳಗೆ ವರ್ಗಾವಣೆಯ ಹುಕುಂ ಬಂತು. ಆಗ ನಾವೂ ಗುಜರಾತದವರೂ ಒಂದೇ ಮುಂಬೈ ರಾಜ್ಯದವರು. ಬನಹಟ್ಟಿಯ ನರ್ಸನ್ನು ಒಂದು ಸಹಿಯಲ್ಲಿ ಗುಜರಾತದ ಯಾವುದೋ ಮೂಲೆಗೆ ಒಗೆಯಬಹುದಿತ್ತು, ಒಗೆದರು.

ಶೋಕಸಭೆಯಲ್ಲಿ ಅವರನ್ನು ದೇವತೆ ಮಾಡಿದವರಿಗೆ ಇದನ್ನೂ ಹೇಳಬೇಕು. ಬಾಯಾರಿಗೆ ಹೆದರಿಕೆ ಇರಲಿಲ್ಲವೆಂದಲ್ಲ. ಹುಕುಂ ಬಂದ ಮಧ್ಯಾಹ್ನ ಅವರು ನಮ್ಮ ಶಾಲೆಗೆ ಬಂದು ಬಾವಿಯ ಕಟ್ಟೆಯ ಮೇಲೆ ಕುಳಿತರು. ನಾನು ತರಗತಿ ಬಿಟ್ಟು ಹೊರಗೆ ಬಂದೆ. ಹುಕುಮಿನ ಕಾಗದವನ್ನು ನನ್ನ ಕೈಗೆ ಕೊಟ್ಟರು. ನೌಕರಿ ಬಿಟ್ಟರೆ ಕ್ವಾರ್ಟರ್ಸು ಬಿಡಬೇಕು. ಹಾಸಿಗೆ ಹಿಡಿದ ತಾಯಿಯನ್ನು ಅಷ್ಟು ದೂರ ಒಯ್ಯುವಂತೆಯೂ ಇರಲಿಲ್ಲ.

"ಅವ್ವಗ ಏನಂತ ಹೇಳ್ಲಿ, ತಿಳೀವಲ್ದು ಮಾಸ್ತರ," ಅಂದರು.

ನಾನು ಒಳಗೆ ಹೋಗಿ ನೀರು ತಂದುಕೊಟ್ಟೆ. ಕುಡಿದರು. ಆಮೇಲೆ ಎದ್ದು ದವಾಖಾನೆಗೆ ಹೋಗಿ ರಾಜೀನಾಮೆ ಕೊಟ್ಟರು. ತಾಯಿಗೆ ಏನು ಹೇಳಿದರೋ ಕಾಣೆ. ಆ ವಾರವೇ ನೇಕಾರರ ಓಣಿಯಲ್ಲಿ ಒಂದು ಕೋಣೆ ಹಿಡಿದು, ಕರೆದವರ ಮನೆಗಳಿಗೆ ಹೋಗಿ ಹೆರಿಗೆ ಮಾಡಿಸತೊಡಗಿದರು. ತಾಯಿಯ ಹಾಸಿಗೆಯನ್ನು ನಾನೂ ಬೀರಪ್ಪನೂ ಎತ್ತಿ ಸಾಗಿಸಿದೆವು. ಕೇಳಿದವರಿಗೆಲ್ಲ ಬಾಯಾರದು ಒಂದೇ ಉತ್ತರ. ಬಿಟ್ಟದ್ದು ನೌಕರಿ ಅಷ್ಟೇ, ಊರೂ ಬಿಟ್ಟಿಲ್ಲ, ಊದುವುದೂ ಬಿಟ್ಟಿಲ್ಲ.

ರಬಕವಿಗೂ ಬನಹಟ್ಟಿಗೂ ನಡುವೆ ಒಂದು ಬಯಲಿತ್ತು. ನೇಕಾರರು ಹಾಸಿನ ನೂಲಿಗೆ ಗಂಜಿ ಹಚ್ಚಿ, ಉದ್ದಕ್ಕೆ ಎಳೆದು ಕಟ್ಟಿ ಒಣಗಿಸುವ ಜಾಗ. ಅದಕ್ಕೆ ಬಾಗಿಲೂ ಇಲ್ಲ, ಕೀಲಿಯೂ ಇಲ್ಲ. ರವಿವಾರ ಇಳಿಹೊತ್ತಿನಲ್ಲಿ ಅಲ್ಲಿ ಊದುತ್ತೇವೆಂದು ಬಾಯಾರು ತಾವು ಹೋದ ಬಾಣಂತಿಯರ ಮನೆಗಳಲ್ಲೆಲ್ಲ ಹೇಳಿದರು. ಸಾವಕಾರರ ಗುಮಾಸ್ತನೂ ಓಣಿ ಓಣಿ ತಿರುಗಿ ಹೇಳಿದ. ಆ ಬಯಲಿಗೆ ಹೋದವರ ಮಗ್ಗಕ್ಕೆ ಮುಂದಿನ ವಾರ ನೂಲಿಲ್ಲ.

ನಾವು ಹೋದಾಗ ಬಯಲು ಖಾಲಿ. ನಾಲ್ಕು ಕಂಬಗಳ ನಡುವೆ ಯಾರದೋ ಕೆಂಪು ನೂಲಿನ ಹಾಸು ಒಣಗುತ್ತಿತ್ತು, ಅಷ್ಟೇ. ಕೇಳುವವರೇ ಇಲ್ಲವಲ್ಲ ಎಂದು ಭೀಮಪ್ಪ ಸಣ್ಣ ದನಿಯಲ್ಲಿ ಅಂದ. "ನಾವಿಲ್ಲೇನು?" ಎಂದು ಬಾಯಾರು ಟ್ರಂಪೆಟ್ ಬಿಚ್ಚಿದರು. ಆ ಖಾಲಿ ಬಯಲಿಗೆ ಎದುರಾಗಿ, ತುಂಬಿದ ಸಭೆಗೆ ಊದುವಂತೆಯೇ ಊದತೊಡಗಿದರು. ನನಗೆ ನಾಚಿಕೆಯೋ ಸಂಕಟವೋ ತಿಳಿಯದೆ ತಲೆ ತಗ್ಗಿಸಿ ಬಾರಿಸಿದೆ.

ಮೊದಲು ಬಂದವಳು ಪಾರ್ವತೆವ್ವ. ಗಂಡನೂ ಮಕ್ಕಳೂ ಸಾವಕಾರರ ನೂಲಿನ ಮೇಲೆಯೇ ಬದುಕಿದ್ದ ಮುದುಕಿ. ತಲೆಯ ಮೇಲೆ ನೂಲು ಸುತ್ತುವ ರಾಟಿ ಹೊತ್ತು ಬಂದಳು. ನಮ್ಮೆದುರು ಕಂಬಳಿ ಹಾಸಿ, ರಾಟಿ ಇಟ್ಟು, ಸುತ್ತತೊಡಗಿದಳು. ದಾರಿಯಲ್ಲಿ ನಿಂತು ಕಾವಲು ಕಾಯುತ್ತಿದ್ದ ಗುಮಾಸ್ತ ಓಡಿ ಬಂದು, ಹೇಳಿದ್ದು ಕೇಳಿಸಲಿಲ್ಲವೇನು ಎಂದ.

"ನೂಲ ಸುತ್ತಾಕ ಬಂದೀನಪಾ," ಅಂದಳು ಪಾರ್ವತೆವ್ವ, ಕೈ ನಿಲ್ಲಿಸದೆ. "ನಿಮ್ಮ ಸಾವಕಾರಂದ ನೂಲು. ಕಿವಿ ಮುಚಗೊಂಡು ಸುತ್ತು ಅಂತ ಅಂವ ಏನೂ ಹೇಳಿಲ್ಲ."

ಆಮೇಲೆ ಇನ್ನೊಬ್ಬಳು ರಾಟಿ ತಂದಳು. ಮತ್ತಿಬ್ಬರು ಬಂದರು. ಬಯಲಿನಲ್ಲಿ ಕೂತು ಆಟ ನೋಡುವ ಪದ್ಧತಿಯೇ ಇಲ್ಲದ ಹೆಂಗಸರು, ಕೆಲಸದ ಹೆಸರಿನಲ್ಲಿ ಸೆರಗು ಬಿಗಿದುಕೊಂಡು ಬಂದು ಕೂತರು. ಬಾಯಾರ ಕೈಯಲ್ಲಿ ಹುಟ್ಟಿದ ಕೂಸುಗಳು ಅವರ ಕಂಕುಳಲ್ಲಿದ್ದವು. ಅವರ ಹಿಂದೆ ಗಂಡಸರು ಬಂದು ನಿಂತರು, ಹಾಸು ಒಣಗಿತೇ ಎಂದು ನೋಡುವ ನೆಪದಲ್ಲಿ. ಬಾಯಾರು ಇದ್ದಕ್ಕಿದ್ದಂತೆ ಮುಂಬೈ ಧಾಟಿಯನ್ನು ಬಿಟ್ಟು, ನಮ್ಮ ಹೆಂಗಸರು ಬೀಸುವಾಗ ಹಾಡುವ ಪದದ ಧಾಟಿಯನ್ನು ಎತ್ತಿಕೊಂಡರು. ಗುರುತು ಹತ್ತಿ ಹೆಂಗಸರು ನಕ್ಕರು, ಕೆಲವರು ಗುನುಗಿದರು. ಬೀರಪ್ಪ ಡೊಳ್ಳಿನ ಪೆಟ್ಟನ್ನು ಡ್ರಮ್ಮಿಗೆ ತಂದ. ಆಗ ಬಾಯಾರು ಆ ಪದವನ್ನು ಹಿಂಜತೊಡಗಿದರು. ಎಳೆ ಎಳೆಯಾಗಿ ಬಿಡಿಸಿ, ಮೇಲಕ್ಕೆ ಒಯ್ದು, ಸಿಟ್ಟಿನಲ್ಲಿ ಒದರಿ, ಮತ್ತೆ ಮೆತ್ತಗೆ ಮಾಡಿ. ಗುನುಗುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ತಮ್ಮದೇ ಪದ ತಮಗೆ ಗೊತ್ತಿಲ್ಲದ ಎಲ್ಲಿಗೋ ಹೋಗುವುದನ್ನು ನೋಡುತ್ತ ಕೂತರು. ನನ್ನ ಸರತಿ ಬಂದಾಗ ಮೊದಲ ಸಲ ನಾನು ಹೆದರದೆ ಬಾರಿಸಿದೆ.

ಮುಂದಿನ ವಾರ ನೂಲು ನಿಲ್ಲಲಿಲ್ಲ. ಓಣಿಗೆ ಓಣಿಯೇ ಬಂದು ಕೂತರೆ ಯಾರ ಮಗ್ಗ ನಿಲ್ಲಿಸುವುದು? ನನಗೂ ಶಾಲೆಯಿಂದ ಒಂದು ತಾಕೀತು ಬಂತು. ಯಾವ ನಿಯಮ ಎಂದು ಬಾಯಾರಂತೆಯೇ ಕೇಳಿದೆ. ಅದು ಅಲ್ಲಿಗೇ ನಿಂತಿತು. ಆ ಬಯಲಿನ ರವಿವಾರಗಳು ಮುಂದೆ ವರ್ಷಗಟ್ಟಲೆ ನಡೆದವು. ತೇರದಾಳಕ್ಕೆ ಕರೆದರು, ಬೀಳಗಿಗೆ ಕರೆದರು. ಗಲಗಲಿಯಲ್ಲಿ ಕೃಷ್ಣೆಯ ದಂಡೆಯ ಮೇಲೆ ಊದಿದಾಗ ದನಿ ನೀರಿನ ಮೇಲೆ ಆಚೆ ದಡಕ್ಕೆ ಹೋಗುತ್ತದೆಂದು ಬಾಯಾರು ಕೂಸಿನಂತೆ ಹಿಗ್ಗಿದ್ದರು. ಜಮಖಂಡಿಯ ಮನೆಗೆ ಹೋದರೆ ನನ್ನ ತಾಯಿ ಮಾತ್ರ, ಎಂಜಲಿನ ವಾದ್ಯದವರ ಸಂಗಡ ಕೂತು ಬಂದವನೆಂದು, ಸ್ನಾನ ಮಾಡದೆ ಅಡುಗೆಮನೆಗೆ ಬಿಡುತ್ತಿರಲಿಲ್ಲ. ಅದೂ ಕೊನೆಯ ತನಕ ನಡೆಯಿತು.

ಸಾವಕಾರರ ಮನೆಯಲ್ಲಿ ಮತ್ತೊಂದು ಹೆರಿಗೆ ಕಷ್ಟವಾದಾಗ ಅವರೇ ಬಂದು ಬಾಯಾರ ಕಾಲು ಹಿಡಿದರೆಂದು ಈಗಲೂ ಹೇಳುವವರಿದ್ದಾರೆ. ಕೇಳಲು ಚೆಂದ, ಆದರೆ ಸುಳ್ಳು. ಸಾವಕಾರರು ಜಮಖಂಡಿಯಿಂದ ಬೇರೆ ನರ್ಸನ್ನು ಕರೆಸಿಕೊಂಡರು. ಬದುಕಿರುವ ತನಕ ಬಾಯಾರನ್ನು ಮಾತಾಡಿಸಲಿಲ್ಲ. ಬಾಯಾರೂ ಮಾತಾಡಿಸಲಿಲ್ಲ. ಇಬ್ಬರೂ ತಮ್ಮ ತಮ್ಮ ಹಟಕ್ಕೆ ನಿಷ್ಠರಾಗಿಯೇ ಉಳಿದರು.

ನಮ್ಮ ಜಿಲ್ಲೆ ಮುಂಬೈ ಬಿಟ್ಟು ಮೈಸೂರಿಗೆ ಸೇರುವ ಮಾತು ನಡೆದಿದ್ದ ವರ್ಷ. ಒಂದು ಬಿಗಿಯಾದ ಹೆರಿಗೆಯಲ್ಲಿ ನೋವು ತಾಳದ ಹುಡುಗಿ ಕಾಲು ಝಾಡಿಸಿದಳು. ಹಿಮ್ಮಡಿ ಬಾಯಾರ ಬಾಯಿಗೆ ಬಡಿದು ಮೇಲಿನ ಮುಂಭಾಗದ ಹಲ್ಲೆರಡು ಉದುರಿದವು. ಬಾಯಾರು ರಕ್ತ ಉಗುಳಿ, ಕೂಸನ್ನು ಹೊರಗೆ ತೆಗೆದು, ತಾಯಿಯ ನೆತ್ತಿ ಸವರಿ ಮನೆಗೆ ಬಂದರು. ಆ ಹಲ್ಲಿಲ್ಲದೆ ಟ್ರಂಪೆಟ್ಟು ನಿಲ್ಲುವುದಿಲ್ಲ. ತುಟಿಗೆ ಹಿಂದಿನಿಂದ ಆಸರೆ ಬೇಕು. ಊರಿನಲ್ಲಿ ಕೆಲವರು, ದೇವರೇ ಅವಳ ಬಾಯಿ ಮುಚ್ಚಿಸಿದ ಎಂದರು. ಆ ಮಾತು ಬಾಯಾರ ಕಿವಿಗೂ ಬಿತ್ತು.

ಬಹಳ ತಿಂಗಳು ಬಯಲು ಸುಮ್ಮನಿತ್ತು. ಬಾಯಾರ ಕೋಣೆಯಿಂದ ಮಾತ್ರ ದಿನಾ ಮಧ್ಯಾಹ್ನ ವಿಚಿತ್ರ ಸದ್ದುಗಳು ಕೇಳುತ್ತಿದ್ದವು. ಉಸಿರು ಸೋರುವ ಸದ್ದು, ಎಮ್ಮೆಯ ಕರು ಒದರಿದಂಥ ಸದ್ದು. ಅವರು ಬಾಯಿಯ ಒಂದು ಪಕ್ಕದಿಂದ, ಉಳಿದ ಹಲ್ಲಿನ ಆಸರೆಗೆ, ಮೊದಲಿನಿಂದ ಕಲಿಯುತ್ತಿದ್ದರು. ಓಣಿಯವರು ಬೇಡವೆನ್ನಲಿಲ್ಲ. ಒಂದು ಶನಿವಾರ ನಮಗೆ ಹೇಳಿಕಳಿಸಿದರು, ನಾಳೆ ಬಯಲಿಗೆ ಬನ್ನಿರಿ ಎಂದು.

ಜನ ಬಹಳ ಸೇರಿದ್ದರು. ಬಾಯಾರು ಟ್ರಂಪೆಟ್ಟನ್ನು ಸೊಟ್ಟಗೆ ಹಿಡಿದು ಊದಿದರು. ಆ ದನಿ ನಾವು ಕೇಳಿದ್ದ ದನಿಯಾಗಿರಲಿಲ್ಲ. ಒಡಕು, ಗೊಗ್ಗರು. ಮೇಲಿನ ಸ್ವರಗಳಿಗೆ ಏರಲಾರದೆ ಕೆಳಗೇ ತಿರುಗಿ ದಾರಿ ಹುಡುಕುತ್ತಿತ್ತು. ಮೊದಲ ಧಾಟಿ ಮುಗಿದಾಗ, ಮುಂದೆ ಕೂತಿದ್ದ ಒಬ್ಬ ಹಿರಿಯರು ಒಳ್ಳೆಯ ಮನಸ್ಸಿನಿಂದಲೇ, ಮೊದಲಿನಂತೆ ಆಗಲಿಲ್ಲ ಬಾಯಾರ, ಇನ್ನು ಸಾಕು ಮಾಡಿ ಅಂದರು.

"ಮೊದಲಿನಂಗ ಊದಾಕ ಮೊದಲಿನ ಹಲ್ಲ ಬೇಕ್ರಿ," ಅಂದರು ಬಾಯಾರು. "ಇದು ಈಗಿನ ಹಲ್ಲಿಂದು. ಕೇಳವರು ಕೂಡ್ರಿ, ಹೋಗವರು ಹೋಗ್ರಿ."

ಆ ಹಿರಿಯರು ಎದ್ದರು. ಅವರ ಹಿಂದೆ ಇನ್ನೂ ನಾಲ್ಕಾರು ಜನ ಎದ್ದು ಊರ ಕಡೆ ನಡೆದರು. ಬೀರಪ್ಪ ಬಾಯಾರ ಮುಖ ನೋಡಿದ. ಅವರು ಕೂತವರ ಕಡೆಯಿಂದ ಪೂರ್ತಿ ಹೊರಳಿ ನಿಂತು, ಟ್ರಂಪೆಟ್ಟನ್ನು ಹೋಗುತ್ತಿದ್ದವರ ಬೆನ್ನಿಗೆ ತಿರುಗಿಸಿ ಊದಲು ಸುರು ಮಾಡಿದರು. ನಾವು ಮೂವರೂ ಹಿಂದಿನಿಂದ ಕೂಡಿಕೊಂಡೆವು. ಆ ಒಡಕು ದನಿ ಅವರ ಬೆನ್ನು ಹತ್ತಿ, ಬನಹಟ್ಟಿಯ ಓಣಿಯ ತಿರುವು ದಾಟುವ ತನಕ ಹೋಯಿತು.